ಒಡೆಯದ ಹಾಲು

ನಮ್ಮ ಚಿಕ್ಕಮ್ಮನಿಗೆ ಬೀದಿಯವರು ಇಟ್ಟ ಹೆಸರು ಅರಗಮ್ಮ. ಆಹಾರ ಇಲಾಖೆಯಲ್ಲಿ ಇನ್‌ಸ್ಪೆಕ್ಟರು. ಅಂಗಡಿಗಳಿಂದ ಸ್ಯಾಂಪಲ್ ತೆಗೆದು, ಬಾಟಲಿಯ ಬಾಯಿಗೆ ಅರಗು ಕರಗಿಸಿ ಮೊಹರು ಒತ್ತುವುದು ಅವಳ ಕೆಲಸ. ಊಟಕ್ಕೆ ಕೂತಾಗಲೂ ಉಗುರಿನ ಸಂದಿಯಲ್ಲಿ ಕೆಂಪು ಅರಗು.

"ತಟ್ಟೆಗೂ ಸೀಲ್ ಹಾಕ್ತೀಯಾ ಚಿಕ್ಕಮ್ಮ?" ಅಂದರೆ, "ಹಾಕಿದ್ರೆ ನೀನು ಎರಡನೇ ಸಲ ಬಡಿಸ್ಕೊಳ್ಳೋದಾದ್ರೂ ತಪ್ಪುತ್ತೆ" ಅನ್ನುವಳು.

ಬೇಸಿಗೆಯಲ್ಲಿ ನನ್ನ ಮಗಳಿಗೆ ವಾಂತಿ ಶುರುವಾಯಿತು. ಎದುರುಮನೆಯ ಮಗುವಿಗೂ ಹಾಗೇ. ಆಸ್ಪತ್ರೆಗೆ ಅಲೆಯುವ ಗಡಿಬಿಡಿಯಲ್ಲಿ ಒಲೆ ಪಕ್ಕ ಮರೆತ ಹಸಿ ಹಾಲು ಮಾರನೇ ದಿನ ನೋಡಿದರೂ ಒಡೆದಿರಲಿಲ್ಲ. ಸದ್ಯ, ದಂಡವಾಗಲಿಲ್ಲ ಅಂದುಕೊಂಡೆ. ಚಿಕ್ಕಮ್ಮ ಪಾತ್ರೆ ಕಿತ್ತುಕೊಂಡು ಬಚ್ಚಲಿಗೆ ಚೆಲ್ಲಿದಳು.

"ಹೆಣ ಕೆಡದ ಹಾಗೆ ಇಡ್ತಾರಲ್ಲ, ಆ ಔಷಧಿ ಬಿದ್ದಿದೆ ಕಣೇ. ಫಾರ್ಮಲಿನ್."

ಅವತ್ತೇ ಬೀದಿಯವರೆಲ್ಲ ಹಾಲು ತರುವ ಡಿಪೋಗೆ ಹೋಗಿ ಸ್ಯಾಂಪಲ್ ತೆಗೆದಳು. ಆದರೆ ಲ್ಯಾಬು ಇರುವುದು ರಾಜಧಾನಿಯಲ್ಲಿ. ದಾರಿಯಲ್ಲಿ ಹಾಲು ಕೆಡಬಾರದೆಂದು ಇನ್‌ಸ್ಪೆಕ್ಟರೇ ಬಾಟಲಿಗೆ ಫಾರ್ಮಲಿನ್ ಹನಿಸಬೇಕು, ಅದು ಹಳೇ ನಿಯಮ. ಹನಿಸಿದರೆ, ಲ್ಯಾಬಿಗೆ ಸಿಕ್ಕಿದ್ದು ನೀವು ಹಾಕಿದ್ದೇ ಅನ್ನುತ್ತಾರೆ ಡಿಪೋದವರು. ಹನಿಸದಿದ್ದರೆ ಸ್ಯಾಂಪಲ್ಲೇ ಅಸಿಂಧು. ಚಿಕ್ಕಮ್ಮ ಹನಿಸಲಿಲ್ಲ. ಐಸ್ ತುಂಬಿದ ಡಬ್ಬಿಯಲ್ಲಿಟ್ಟು, ಅದನ್ನು ತೊಡೆಯ ಮೇಲೆ ಕೂಸಿನಂತೆ ಕೂರಿಸಿಕೊಂಡು ಬಸ್ಸಿನಲ್ಲಿ ಹೋದಳು. ಐಸ್ ಅರ್ಧ ದಾರಿಗೇ ನೀರಾಯಿತಂತೆ. ಹಾಲು ಒಡೆಯಲಿಲ್ಲ.

ವರದಿಯಲ್ಲಿ ಫಾರ್ಮಲಿನ್ ಬಂತು, ಡಿಪೋಗೆ ಬೀಗ ಬಿತ್ತು. ಮೂರೇ ವಾರಕ್ಕೆ ಕೋರ್ಟಿನಲ್ಲಿ ಡಿಪೋದವರ ವಕೀಲರು ಕೇಳಿದ್ದು ಒಂದೇ ಮಾತು: "ನಿಯಮದಂತೆ ಹಾಕಬೇಕಾದದ್ದನ್ನು ಹಾಕಿದ್ರಾ ಮೇಡಂ?"

"ಇಲ್ಲ."

ಕೇಸು ಬಿದ್ದುಹೋಯಿತು, ಚಿಕ್ಕಮ್ಮ ಅಮಾನತಾದಳು. ಈಗ ಮೇಲಿನವರು ನಿಯಮ ಬದಲಾಯಿಸುತ್ತಾರಂತೆ. ಐಸ್ ಪೆಟ್ಟಿಗೆ ಕೊಡುತ್ತಾರಂತೆ, ಜಿಲ್ಲೆಗೊಂದು ಲ್ಯಾಬು ಮಾಡುತ್ತಾರಂತೆ. ಅಭಿಪ್ರಾಯ ಕೇಳಲು ಅಮಾನತಿನಲ್ಲಿದ್ದವಳನ್ನೇ ಕರೆಸಿದ್ದರು. "ಬರೋ ವರ್ಷ ನೋಡೋಣ ಅಂದ್ರು" ಎಂದಳು, ಚಪ್ಪಲಿ ಬಿಡುತ್ತಾ.

ಇವತ್ತು ಬೆಳಿಗ್ಗೆ ಡಿಪೋ ಮತ್ತೆ ತೆರೆಯಿತು. ಚಿಕ್ಕಮ್ಮ ಸಾಲಿನ ಪಕ್ಕ ನಿಂತು, ತಗೋಬೇಡಿ ಎಂದು ಒಬ್ಬೊಬ್ಬರಿಗೂ ಹೇಳಿದಳು. ನಾನು ಮಗಳನ್ನು ಎತ್ತಿಕೊಂಡು ಜೊತೆಗೆ ನಿಂತಿದ್ದೆ.

"ಕೋರ್ಟೇ ಬಿಟ್ಟಿದೆ, ನೀವ್ಯಾಕ್ ಬಿಡಲ್ಲ ಅರಗಮ್ಮನೋರೆ?" ಅಂದ ಡಿಪೋದವನು. ಸಾಲು ನಕ್ಕಿತು.

ಎದುರುಮನೆಯವಳು ನಗಲಿಲ್ಲ. ನನ್ನ ಮಗಳಿಗೆ ಗಂಜಿ ಒಗ್ಗಿದೆ, ಹೇಗೋ ನಡೆಯುತ್ತದೆ. ಅವಳ ಮಗುವಿಗೆ ಹಲ್ಲೇ ಬಂದಿಲ್ಲ, ಅವಳ ಎದೆಹಾಲು ಬತ್ತಿದೆ.

"ನೀವು ಹೇಳೋದು ನಿಜ ಅಂತ ನಂಗೂ ಗೊತ್ತು, ಅಮ್ಮಾ. ಡಿಪೋ ಮುಚ್ಚಿದ್ದಾಗ ಗಂಜಿ ತಿಳಿ ಕುಡಿಸಿ ಮಗು ಸೊರಗಿ ಹೋಯ್ತು. ಈ ಕಡೆ ಬೇರೆ ಹಾಲೆಲ್ಲಿದೆ? ಇದಕ್ಕೆ ಏನು ಕುಡಿಸ್ಲಿ, ಅದನ್ನ ಹೇಳಿ."

ಚಿಕ್ಕಮ್ಮ ಮಗುವಿನ ಮುಖ ನೋಡುತ್ತಾ ನಿಂತಳು. ಎದುರುಮನೆಯವಳು ಕಾದು ನೋಡಿ, ಪಾತ್ರೆಯನ್ನು ಡಿಪೋದವನ ಮುಂದೆ ಚಾಚಿದಳು.