ಸುಬ್ಬತ್ತೆಯ ಕಲ್ಲುಸಕ್ಕರೆ

ಪಾಕ ಬಂದದ್ದನ್ನು ಸುಬ್ಬತ್ತೆ ಕಿವಿಯಿಂದಲೇ ಹೇಳುತ್ತಿದ್ದಳು. ಒಲೆಯ ಮೇಲೆ ಸಕ್ಕರೆ ನೀರು ಕುದಿಯುತ್ತಿದ್ದರೆ ಇವಳು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿರುವಳು. ಗುಳ್ಳೆಯ ಸದ್ದು ದಪ್ಪಗಾಗುತ್ತಲೇ ಎದ್ದು, ಒಂದು ಹನಿಯನ್ನು ಬೆರಳುಗಳ ನಡುವೆ ಒತ್ತಿ ನೋಡುವಳು. "ಎಳಿ ಬಂದ್ರ ಲಾಡಿಗಾತು. ಕುಡಿಯೋದಕ್ಕ ಬರೇ ಜಿಗಿ ಇದ್ರ ಸಾಕು" ಅನ್ನುವಳು.

ಸುಬ್ಬತ್ತೆ ನಮ್ಮಪ್ಪನ ಅಕ್ಕ. ಚಿಕ್ಕಂದಿನಲ್ಲೇ ಗಂಡ ಹೋಗಿ, ಬಳ್ಳಾರಿ ಕೋಟೆಯ ಕೆಳಗಿನ ನಮ್ಮ ಮನೆಗೆ ಬಂದವಳು. ಅಡಿಗೆಮನೆ ಅವಳದು. ಯಂತ್ರದ ಸಕ್ಕರೆಯನ್ನು ಎಲುಬಿನ ಬೂದಿಯಿಂದ ಬಿಳುಪು ಮಾಡುತ್ತಾರೆಂದು ಯಾರೋ ಹೇಳಿದಂದಿನಿಂದ ಅದನ್ನು ಹೊಸಿಲು ದಾಟಿಸಿರಲಿಲ್ಲ. ಕಲ್ಲುಸಕ್ಕರೆಯೇ ಆಗಬೇಕು. ಅದಕ್ಕೆ ಅಷ್ಟೇ ನೀರು ಹಾಕಿ, ಚಮಚ ಹಾಲು ಬಿಟ್ಟು, ಮೇಲೆದ್ದ ಕೊಳೆ ತೆಗೆದು, ಗಟ್ಟಿಯಾಗದಿರಲೆಂದು ನಾಲ್ಕು ಹನಿ ನಿಂಬೆರಸ ಹಿಂಡಿ, ಬಟ್ಟೆಯಲ್ಲಿ ಸೋಸಿ ಜಾಡಿಗೆ ತುಂಬುವಳು. ಬೇಸಿಗೆಯ ಶರಬತ್ತಿಗೆಲ್ಲ ಅದೇ. ದೇವರಿಗೆ ಇಡದೆ ಯಾರಿಗೂ ಕೊಡುವಂತಿರಲಿಲ್ಲ. ಇಡುವ ಮುನ್ನ ಯಾರೂ ನಾಲಿಗೆಗೆ ತಾಗಿಸುವಂತಿರಲಿಲ್ಲ.

ನನ್ನನ್ನು ನೋಡಲು ಸಿರುಗುಪ್ಪದಿಂದ ಗಂಡಿನ ತಂದೆ ಬಂದರು. ಕುರುಗೋಡಿನಲ್ಲಿ ರಾತ್ರಿ ತಂಗಿ, ಧೂಳು ಕುಡಿಯುತ್ತ ಗಾಡಿಯಲ್ಲಿ ಬಂದಿದ್ದರು. ಶರಬತ್ತಿನ ತಂಬಿಗೆ ನನ್ನ ಕೈಗೆ ಬಂತು. ಮೊದಲ ಲೋಟ ಅವರಿಗೆ ಕೊಟ್ಟೆ. ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. ಆಮೇಲೆ ನಿಲ್ಲಿಸದೆ ಲೋಟ ಬರಿದು ಮಾಡಿದರು.

"ಗಂಟಲಾ ಕಟ್ಟಿತ್ತು, ಈಗ ಬಿಡ್ತು ನೋಡ್ರಿ" ಎಂದು ಅಪ್ಪನಿಗೆ ಹೇಳಿದರು.

ಬಾಗಿಲ ಹಿಂದಿದ್ದ ಅತ್ತೆ, "ಪುಟ್ಟಿ, ತಂಬಿಗಿ ಒಳಗ ತಾ" ಎಂದಳು. ಅಪ್ಪನ ಲೋಟಕ್ಕೆ ಇನ್ನೂ ಬಗ್ಗಿಸಿರಲಿಲ್ಲ.

"ಈಗ ಬೆರಳದ್ದಿ ನೆಕ್ಕು. ಹ್ಯಾಂಗದ?"

"ಒಗರು, ಅತ್ತಿ."

ಮಳೆಗಾಲದ ರಾಡಿ ನೀರು ತಿಳಿಯಾಗಲೆಂದು, ಕಟ್ಟಿದ ಗಂಟಲಿಗೆ ಮುಕ್ಕಳಿಸಲೆಂದು ತಂದಿಟ್ಟ ಪಟಿಕದ ನಾಲ್ಕು ಹರಳು ಸಕ್ಕರೆಯ ಜೊತೆ ಪಾಕಕ್ಕೆ ಬಿದ್ದಿದ್ದವು. ದೇವರಂತೂ ಏನೂ ಅಂದಿರಲಿಲ್ಲ.

ಅತ್ತೆ ಒಲೆಯ ಮುಂದೆ ಕುಸಿದು ಕೂತಳು. "ಕಣ್ಣಿಗೆ ಪೊರಿ ಬಂದದ, ಪುಟ್ಟಿ. ನಿಮ್ಮವ್ವಗ ಗೊತ್ತಾದ್ರ ಒಲಿ ಮುಂದ ಕೂಡಸೂದಿಲ್ಲ. ಒಲಿ ಬಿಟ್ರ ಈ ಮನ್ಯಾಗ ನನಗೇನದ?"

ನಾನು ಯಾರಿಗೂ ಹೇಳಲಿಲ್ಲ. ಅಂದಿನಿಂದ ಪಾಕದ ದಿನ ಅತ್ತೆ ಪ್ರತಿ ಹರಳಿನ ಮೂಲೆ ಮುರಿದು, ಮಡಿ ಕೆಡದಂತೆ ಮೇಲಿನಿಂದ ನನ್ನ ಅಂಗೈಗೆ ಹಾಕುವಳು. ನಾನು ಬಾಯಿಗೆ ಹಾಕಿಕೊಂಡು ತಲೆಯಾಡಿಸಿದರೆ ಉಳಿದದ್ದು ಪಾತ್ರೆಗೆ. ಯಾರಾದರೂ ಕೇಳಿದರೆ "ಹುಡುಗಿಗೆ ಸಕ್ಕರಿ ಹುಚ್ಚು" ಎಂದು ಬಿಡುವಳು. ಆ ಹೆಸರು ಮದುವೆಯ ತನಕ ನನಗೆ ಅಂಟಿಕೊಂಡೇ ಇತ್ತು.

ಮದುವೆ ಅವರ ಮಗನೊಂದಿಗೇ ಆಯಿತು. ಮಾವನವರು ಸಾಯುವ ತನಕ ಆ ಶರಬತ್ತಿನ ಮಾತೆತ್ತಲಿಲ್ಲ. ನಾನು ಸಿರುಗುಪ್ಪಕ್ಕೆ ಬಂದ ಮೇಲೆ ಅತ್ತೆಯ ಗುಟ್ಟು ಹೆಚ್ಚು ದಿನ ಉಳಿಯಲಿಲ್ಲ. ಒಲೆ ಅಮ್ಮನ ಕೈಗೆ ಹೋಯಿತು. ಆ ಸುದ್ದಿ ಕೇಳಿದ ದಿನ ನನಗೆ ತುಂಬಾ ಬೇಸರವಾಗಿತ್ತು.

ಕಡೆಯ ಸಲ ನೋಡಿದಾಗ ಅವಳಿಗೆ ಬೆಳಕಷ್ಟೇ ತಿಳಿಯುತ್ತಿತ್ತು. ನಡುಮನೆಯ ಮೂಲೆಯಲ್ಲಿ ಕೂತಿದ್ದವಳು ನನ್ನ ದನಿ ಗುರುತಿಸಿ, ಎದ್ದು ಗೂಡು ತಡಕಿ ಒಂದು ಹರಳು ತಂದಳು. ಮೂಲೆ ಮುರಿದಳು. ಅಡಿಗೆ ಮಾಡುವುದಿಲ್ಲವಾದ್ದರಿಂದ ಈಗ ಮಡಿಯೂ ಇರಲಿಲ್ಲ. ಮೊದಲ ಸಲ ತಾನೇ ನನ್ನ ಬಾಯಿಗೆ ಇಟ್ಟಳು.

"ಹ್ಯಾಂಗದ?"

"ಸಕ್ಕರಿನ ಅದ, ಅತ್ತಿ."

"ನನ್ನ ಕೈ ಇನ್ನೂ ತಪ್ಪಿಲ್ಲ ಹಂಗಾರ" ಎಂದು ನಕ್ಕು, ಉಳಿದ ಹರಳನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಅವಳು ನಗುವುದು ನಿಲ್ಲುವ ತನಕ ನಾನು ಆ ಪಟಿಕವನ್ನು ಉಗುಳಲಿಲ್ಲ.