ಮೈಲಾರಿಯ ಬರಿಗಾಲು

ಹೊಲದಿಂದ ಶೇಂಗಾ ಮನೆಗೆ ಬಂದ ಮೇಲೆ ಕೊಟ್ಟೂರಿನ ನಮ್ಮ ಓಣಿಯ ಮಕ್ಕಳಿಗೆ ಎರಡೇ ಕೆಲಸ ಇದ್ದ ಕಾಲವದು. ಒಂದು, ಸುಟ್ಟ ಶೇಂಗಾ ತಿನ್ನುವುದು. ಇನ್ನೊಂದು, ಮೈಲಾರಿಗಾಗಿ ಮುಳ್ಳು ತೆಗೆಯುವುದು. ಮೊದಲನೆಯದು ನಿಮಗೂ ಗೊತ್ತಿರುತ್ತದೆ. ಬೆಲ್ಲದ ಚೂರು ಕಡಿಯುತ್ತ, ಮೂತಿಯೆಲ್ಲ ಮಸಿ ಮಾಡಿಕೊಂಡು ತಿಂದವರು ನಿಮ್ಮಲ್ಲೂ ಇದ್ದಾರೆ. ಎರಡನೆಯದನ್ನು ಹೇಳಿದರೆ ಈಗ ಯಾರೂ ನಂಬುವುದಿಲ್ಲ. ಯಾರ ಮಾತು ಯಾಕೆ, ಇತ್ತೀಚೆಗೆ ನನಗೇ ನಂಬಿಕೆ ಸಾಲುತ್ತಿಲ್ಲ.

ಮೈಲಾರಿ ನಮ್ಮೂರ ಫುಟ್‌ಬಾಲ್ ತಂಡದ ಹೀರೊ. ಹೊಸಹಳ್ಳಿ ಕಡೆಯ ಕುರಿ ಸಾಕುವವರ ಮನೆಯ ಹುಡುಗ. ಮೈಲಾರಲಿಂಗನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವನೆಂದು ಆ ಹೆಸರು. ತಂಡದ ಉಳಿದವರಿಗೆ ಹೇಗೋ ಹಳೆಯ ಬೂಟುಗಳಿದ್ದವು. ಇವನು ಮಾತ್ರ ಬರಿಗಾಲಲ್ಲೇ ಆಡುತ್ತಿದ್ದ. ಕುರಿಗಳ ಹಿಂದೆ ಓಡಿ ಬೆಳೆದ ಕಾಲು. ಚೆಂಡು ಅದಕ್ಕೆ ಸಿಕ್ಕಿತೆಂದರೆ ಬಟ್ಟೆ ಅಂಗಡಿ ಬಸಣ್ಣ ಹೆಗಲ ಮೇಲಿನ ಟವೆಲ್ ಬೀಸುತ್ತ ಎದ್ದು ನಿಲ್ಲುತ್ತಿದ್ದ. ಮೈಲಾರಿಯ ಅಭಿಮಾನಿಗಳಿಗೆಲ್ಲ ಬಸಣ್ಣನೇ ಮುಖಂಡ. ಆಟವಿದ್ದ ದಿನ ಸೀರೆ ಕೊಳ್ಳಲು ಬಂದವರನ್ನು ಕೂಡ, "ನಾಳಿ ಬರ್ರಿ, ಇವತ್ತು ಮೈಲಾರಿ ಆಡ್ತಾನ" ಎಂದು ಸಾಗಹಾಕಿ ಅಂಗಡಿಗೆ ಬೀಗ ಹಾಕುತ್ತಿದ್ದ.

ಆಟದ ಬಯಲು ಊರ ಹೊರಗಿತ್ತು. ಒಂದು ಪಕ್ಕಕ್ಕೆ ರಸ್ತೆ, ಇನ್ನೊಂದು ಪಕ್ಕಕ್ಕೆ ಸಾಲು ಜಾಲಿ ಮರ. ವಾರವೆಲ್ಲ ಕುರಿ ಮೇಯುವ ಜಾಗ, ನೆಲದ ತುಂಬ ನೆಗ್ಗಿಲು ಮುಳ್ಳು. ಕುರಿ ಕಾಯುವಾಗ ನೋಡಿಕೊಂಡು ಕಾಲಿಡಬಹುದು, ಚೆಂಡಿನ ಹಿಂದೆ ಓಡುವವನು ಎಲ್ಲಿ ನೋಡುತ್ತಾನೆ? ಅದಕ್ಕೇ ಆಟದ ದಿನ ಬೆಳಿಗ್ಗೆ ನಾವು ಗೋಣಿಚೀಲ ನೆನೆಸಿಕೊಂಡು ಬಯಲಿಗೆ ಹೋಗುತ್ತಿದ್ದೆವು. ಒದ್ದೆ ಚೀಲವನ್ನು ನೆಲದ ಮೇಲೆ ಎಳೆದರೆ ಮುಳ್ಳುಗಳು ಅದಕ್ಕೆ ಕಚ್ಚಿಕೊಂಡು ಬರುತ್ತವೆ. ಭಾರಕ್ಕೆಂದು ಚೀಲದ ಮೇಲೆ ನನ್ನ ತಮ್ಮ ಕೊಟ್ರನನ್ನು ಕೂರಿಸುತ್ತಿದ್ದೆವು. ಅವನ ಕೆಳಗೆ ಇನ್ನೊಂದು ಚೀಲ ಮಡಚಿ ಹಾಕುವುದು ಮರೆತರೆ ಅವನ ಗತಿ ಗೋವಿಂದ. ಆದರೂ ಆ ಜಾಗ ಬೇರೆಯವರಿಗೆ ಬಿಟ್ಟುಕೊಡುತ್ತಿರಲಿಲ್ಲ, ಭಂಡ. ನಮ್ಮ ಪಾಲಿಗೆ ಇದಕ್ಕಿಂತ ದೊಡ್ಡ ಆಟ ಇನ್ನೊಂದಿರಲಿಲ್ಲ.

ಆ ವರ್ಷ ಕೊನೆಯ ಆಟ ಹರಪನಹಳ್ಳಿಯವರ ಮೇಲೆ. ಅದಕ್ಕೂ ಮುಂಚೆ ಅವರ ಕಡೆಯವನೊಬ್ಬ ನಮ್ಮ ಸಂತೆಗೆ ಬಂದವನು, "ನಿಮ್ಮೂರಲ್ಲಿ ಹೀರೊಗೆ ಬೂಟಿಗೂ ಗತಿ ಇಲ್ವಾ?" ಎಂದು ನಕ್ಕುಬಿಟ್ಟ. ಬಸಣ್ಣನಿಗೆ ಆ ಮಾತು ಉರಿ ಹತ್ತಿಸಿತು. ದಾವಣಗೆರೆಗೆ ಹೋಗಿ ಬೂಟು ತಂದೇಬಿಟ್ಟ. ಆಟದ ದಿನ ಬೆಳಿಗ್ಗೆ ಅಂಗಡಿ ಮುಂದೆ ಎಲ್ಲರೂ ಸೇರಿ ಮೈಲಾರಿಗೆ ಕುಂಕುಮ ಹಚ್ಚಿ ಬೂಟು ಹಾಕಿಸಿದರು. ಕಪ್ಪಗೆ ಮಿಂಚುತ್ತಿದ್ದವು. ಚರ್ಮದ ಹೊಸ ವಾಸನೆ ನಮ್ಮ ತನಕ ಬರುತ್ತಿತ್ತು. ಮೈಲಾರಿ ತನ್ನ ಕಾಲನ್ನು ತಾನೇ ಗುರುತು ಹಿಡಿಯದವನಂತೆ ನೋಡುತ್ತ ನಿಂತಿದ್ದ. ಹೊಸ ಬೂಟು ಬಂದರೆ ಯಾರಾದರೂ ಮುಖ ಸಣ್ಣಗೆ ಮಾಡುತ್ತಾರೆಯೇ? ನನಗೆ ತಿಳಿಯಲಿಲ್ಲ.

"ಇವತ್ತು ಮುಳ್ಳು ತಗೀಬ್ಯಾಡ್ರಿ, ಬೂಟ್ ಅದಾವು. ಮನೀಗೆ ನಡ್ರಿ" ಎಂದ ಬಸಣ್ಣ.

ಖುಷಿಪಡಬೇಕೋ ಅಳಬೇಕೋ ಗೊತ್ತಾಗದೆ ನೆನೆಸಿದ ಚೀಲವನ್ನು ಒಣಗಲು ಹಾಕಿದೆವು.

ಮಧ್ಯಾಹ್ನ ಆಟ ಶುರುವಾಯಿತು. ಮೈಲಾರಿ ಮೊದಲ ಓಟಕ್ಕೇ ಮುಗ್ಗರಿಸಿದ. ಚೆಂಡು ಒಂದು ಕಡೆ, ಅವನ ಒದೆತ ಇನ್ನೊಂದು ಕಡೆ. ಹರಪನಹಳ್ಳಿಯವರು ಸಿಳ್ಳೆ ಹೊಡೆದರು. ಎರಡೂ ಕಡೆ ಗೋಲಿಲ್ಲದೆ ಅರ್ಧ ಆಟ ಮುಗಿದಾಗ ನಮ್ಮ ಜನವೇ, "ಬಿಚ್ಚಲೇ ಮೈಲಾರಿ! ಬೂಟ್ ಬಿಚ್ಚು!" ಎಂದು ಕೂಗತೊಡಗಿದರು. ಎಲ್ಲರಿಗಿಂತ ಜೋರು ದನಿ ಬಸಣ್ಣನದು. ಬೆಳಿಗ್ಗೆ ಹಾಕಿಸಿದವರೂ ಇವರೇ, ಈಗ ಬಿಚ್ಚಿಸುವವರೂ ಇವರೇ. ದೊಡ್ಡವರ ಲೆಕ್ಕ ನನಗೆ ಹತ್ತಲೇ ಇಲ್ಲ. ಮೈಲಾರಿ ಬೂಟು ಬಿಚ್ಚತೊಡಗಿದ. ಆದರೆ ನೆಲದ ಮುಳ್ಳು ನೆಲದಲ್ಲೇ ಇತ್ತು.

ಅಲ್ಲೇ ಶೇಂಗಾ ಮಾರುತ್ತಿದ್ದವಳ ಗೋಣಿಯನ್ನು ಕೇಳದೆ ಎಳೆದುಕೊಂಡು, ಆಟಗಾರರಿಗೆಂದು ಇಟ್ಟಿದ್ದ ಕೊಡದಿಂದ ನೀರು ಸುರಿದು, ಕೊಟ್ರನನ್ನು ಮೇಲೆ ಕೂರಿಸಿ ನಾವು ಬಯಲಿಗೆ ನುಗ್ಗಿದೆವು. ಜನ ಬಿದ್ದು ಬಿದ್ದು ನಗುತ್ತಿದ್ದರು. ರಸ್ತೆ ಕಡೆಯ ಅರ್ಧ ಮುಗಿಸುವಷ್ಟರಲ್ಲಿ ಸೀಟಿ ಊದಿದರು. ನಾನು ಮೈಲಾರಿಯ ಹತ್ತಿರ ಓಡಿದೆ.

"ಮೈಲಾರಣ್ಣ, ರಸ್ತಾ ಕಡಿ ಅಷ್ಟೇ ಆಗೇತಿ. ಜಾಲಿ ಕಡಿ ಹೋಗಬ್ಯಾಡ."

"ಎಲ್ಲೀತನಕ ಆಗೇತಿ, ತೋರ್ಸವ್ವ."

ನಾನು ಹಿಮ್ಮಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದು ತೋರಿಸಿದೆ. ಅವನು ಬಗ್ಗಿ ನೋಡಿ, "ಆತು" ಎಂದ. ಆ ಒಂದು ಮಾತಿಗೆ ನನಗೆ ಆದ ಹೆಮ್ಮೆ ಆಮೇಲೆ ಯಾವ ಬಹುಮಾನಕ್ಕೂ ಆಗಿಲ್ಲ. ಊರೇ ಮೆರೆಸುವ ಮೈಲಾರಿ ನನ್ನ ಗೆರೆಯನ್ನು ನಂಬಿದ್ದ.

ಆಮೇಲಿನ ಆಟವನ್ನೆಲ್ಲ ಅವನು ರಸ್ತೆ ಕಡೆಯಲ್ಲೇ ಆಡಿದ. ಹಳೆಯ ಮೈಲಾರಿ ಬಂದಿದ್ದ, ಆದರೆ ಗೆರೆ ದಾಟುತ್ತಿರಲಿಲ್ಲ. ಜನಕ್ಕೆ ಅರ್ಥವಾಗಲಿಲ್ಲ. "ಯಾಕಲೇ, ಆ ಕಡಿ ನಿಮ್ಮತ್ತಿ ಮನಿ ಐತೇನು?" ಎಂದು ಬಸಣ್ಣ ಕಿರುಚಿದ. ಕೊನೆಗೆ ಚೆಂಡು ಜಾಲಿ ಕಡೆಗೆ ಉರುಳಿತು. ಅಲ್ಲಿ ನಮ್ಮವರು ಯಾರೂ ಇರಲಿಲ್ಲ. ಮೈಲಾರಿ ಗೆರೆಯ ಹತ್ತಿರ ಒಂದು ಗಳಿಗೆ ನಿಂತು ನಮ್ಮ ಕಡೆ ನೋಡಿದ. ನಾನು ಬೇಡವೆಂದು ತಲೆಯಾಡಿಸಿದೆ. ಅವನು ದಾಟಿದ. ಮುಳ್ಳಿನಲ್ಲೇ ಓಡಿ ಹೊಡೆದ ಚೆಂಡು ಗೋಲಿನೊಳಗೆ ಹೋಯಿತು. ಊರು ಹುಚ್ಚೆದ್ದು ಕುಣಿಯಿತು. ಅವನನ್ನು ಹೆಗಲ ಮೇಲೆ ಹೊತ್ತಾಗ ಅಂಗಾಲಿನ ರಕ್ತ ಕಂಡು ನಾನು ಅಳುತ್ತಿದ್ದೆ, ಪಕ್ಕದವರು ಅದನ್ನು ಸಂತೋಷದ ಕಣ್ಣೀರೆಂದುಕೊಂಡರು. ಅಷ್ಟರಲ್ಲಿ ಫೋಟೊದವನು ಬಂದ. ಬಸಣ್ಣ ಅವನನ್ನು ಕೆಳಗಿಳಿಸಿ, ಮಂಡಿಯೂರಿ, ಅದೇ ಕಾಲಿಗೆ ಮತ್ತೆ ಬೂಟು ತೊಡಿಸಿದ. ಮೈಲಾರಿ ಹಲ್ಲು ಕಚ್ಚಿ ನಕ್ಕ.

ಆ ಫೋಟೊ ವರ್ಷಗಟ್ಟಲೆ ಬಸಣ್ಣನ ಅಂಗಡಿಯಲ್ಲಿ ತೂಗಿತು. ಮೊನ್ನೆ ಅದೇ ಬಯಲಿನಲ್ಲಿ ಮೈಲಾರಿಗೆ ಸನ್ಮಾನವಾದಾಗ ಬ್ಯಾನರಿನ ಮೇಲೂ ಅದೇ ಇತ್ತು. ಈಗ ಅಲ್ಲಿ ಜಾಲಿಯಿಲ್ಲ, ಕುರಿಯಿಲ್ಲ. ಆಡುವ ಹುಡುಗರಿಗೆಲ್ಲ ಬಣ್ಣಬಣ್ಣದ ಬೂಟುಗಳಿವೆ. ವೇದಿಕೆಗೆ ಬಂದವರೆಲ್ಲ ಆ ಗೋಲನ್ನು ಪ್ರೀತಿಯಿಂದ ನೆನೆದರು. ಒಬ್ಬರ ನೆನಪಿನಲ್ಲಿ ಆ ಏಟಿಗೆ ನೆಟ್ ಹರಿದಿತ್ತು. ಗೋಲಿಗೆಂದು ನೆಟ್ಟದ್ದು ಎರಡು ಗಳ ಅಷ್ಟೇ, ನೆಟ್ ಎಲ್ಲಿಂದ ಬಂತೋ! ಬೂಟಿನ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು, ಬಸಣ್ಣ ತಂದ ಬೂಟಿನ ಮಹಿಮೆಯಿಂದಲೇ ಗೋಲು. ನಾನು ಕೊಟ್ರನ ಮುಖ ನೋಡಿದೆ.

"ಬೂಟ್ ಇದ್ದಂಗೇ ನೆನಪಕ್ಕ" ಎಂದ. ಚೀಲದ ಮೇಲೆ ಕೂತವನೇ ಹೀಗೆ ಅಂದರೆ!

ಕಾರ್ಯಕ್ರಮ ಮುಗಿದ ಮೇಲೆ ಮೈಲಾರಿಯ ಹತ್ತಿರ ಹೋದೆ. ಪಕ್ಕದಲ್ಲಿ ಬಸಣ್ಣ ಕೂತಿದ್ದ. ಈಗ ಅವನಿಗೆ ಕಣ್ಣು ಅಷ್ಟಕ್ಕಷ್ಟೇ. ಮೈಲಾರಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಅಣ್ಣಾ, ಆ ಗೋಲು ಬರಿಗಾಲಾಗ ಹೊಡದಿದ್ರಿ ಅಲ್ಲೇನ್ರಿ?"

ಮೈಲಾರಿ ನನ್ನನ್ನು ನೋಡಿದ. ಆಮೇಲೆ ಬಸಣ್ಣನನ್ನು ನೋಡಿದ. "ಬೂಟ್ ಹಾಕ್ಕೊಂಡೇ ಹೊಡದೆನವ್ವ. ಬಸಣ್ಣಾರು ತಂದ ಬೂಟು" ಎಂದ.

ಬಸಣ್ಣನ ಮುಖ ಅರಳಿತು. ಆ ಮುದುಕನ ಸಲುವಾಗಿ ಅಂದನೋ, ನಿಜಕ್ಕೂ ಮರೆತಿದ್ದನೋ, ಅಥವಾ ನನ್ನ ತಲೆಯೇ ಕೆಟ್ಟಿದೆಯೋ? ಅವನ ಕಣ್ಣಲ್ಲಿ ಹುಡುಕಿದೆ, ಏನೂ ಸಿಗಲಿಲ್ಲ.

"ನೀನೂ ಅಲ್ಲೇ ಇದ್ದೆಲ್ಲವ್ವ, ಹೇಳು" ಎಂದ ಬಸಣ್ಣ, ದನಿ ಬಂದ ಕಡೆ ಮುಖ ತಿರುಗಿಸಿ.

"ಹೌದ್ರಿ" ಎಂದೆ, "ಬೂಟ್ ಹಾಕ್ಕೊಂಡೇ ಹೊಡದ್ರು."

ಅವತ್ತಿನಿಂದ ಆ ಗೋಲನ್ನು ನೆನೆದಾಗಲೆಲ್ಲ ಗೆರೆ ದಾಟುವ ಕಾಲಿನಲ್ಲಿ ನನಗೂ ಬೂಟೇ ಕಾಣುತ್ತಿದೆ. ಎಷ್ಟು ಸಲ ಬಿಚ್ಚಲು ನೋಡಿದರೂ ಬಿಚ್ಚಲು ಬರುತ್ತಿಲ್ಲ.