ಕೆನ್ನೆಯೊಳಗಿನ ಗಡ್ಡಿ

ಶಿವಗಂಗಾಳಿಗೆ ಅದು ಮೊದಲು ಕೈಗೇ ಸಿಕ್ಕಿದ್ದು. ಬೊಮ್ಮನಹಳ್ಳಿಯ ಬಾಡಿಗೆ ಕೋಣೆಯಲ್ಲಿ ಮುಖ ತೊಳೆಯುವಾಗ ಎಡ ದವಡೆಯ ಅಂಚಿನಲ್ಲಿ ಏನೋ ಗಟ್ಟಿಯಾಗಿ ಬೆರಳಿಗೆ ತಾಕಿತು. ಒತ್ತಿದರೆ ನೋವು. ಕನ್ನಡಿಯಲ್ಲಿ ನೋಡಿದರೆ ಚರ್ಮ ನುಣ್ಣಗಿದೆ, ಏನೂ ಇಲ್ಲ. ಹಣೆ, ಕೆನ್ನೆಯ ಮೇಲೆ ಮೊಡವೆಗಳೇನೋ ಇದ್ದವು. ಅವಕ್ಕೆ ಅವಳು ಹೆದರಿದವಳಲ್ಲ. ಇಪ್ಪತ್ತೆರಡರ ಹುಡುಗಿಗೆ ಮೊಡವೆ ಬಾರದೆ ಇನ್ನೇನು ಬಂದೀತು? ಆದರೆ ಕಣ್ಣಿಗೆ ಕಾಣದೆ ಕೈಗೆ ಮಾತ್ರ ಸಿಗುವಂಥದ್ದು, ಅಯ್ಯೋ, ಅದರ ಹೆಸರು ಅವಳಿಗೆ ಗೊತ್ತಿತ್ತು. ಗಡ್ಡಿ.

ಲಿಂಗಸೂಗೂರು ಕಡೆಯ ಅವಳ ಊರಲ್ಲಿ ಕ್ಯಾನ್ಸರಿಗೆ ಹಾಗೆನ್ನುತ್ತಾರೆ, ಆ ಮಾತನ್ನೂ ಯಾರೂ ಜೋರಾಗಿ ಆಡುವುದಿಲ್ಲ. ದೊಡ್ಡವ್ವ ಬಸಮ್ಮನಿಗೂ ಹೀಗೇ, ಮೇಲೆ ಏನೂ ಕಾಣದೆ ಕೆನ್ನೆಯೊಳಗೆ ಗಡ್ಡಿ ಆಗಿತ್ತು. ಅವಳದೂ ಅವಳ ತಂಗಿ, ಅಂದರೆ ಶಿವಗಂಗಾಳ ಅವ್ವ ದುರ್ಗವ್ವನದೂ ಎಲೆ-ತಂಬಾಕಿನ ಬಾಯಿ. ಊರವರಿಗೆ ಗೊತ್ತಾಗುವ ಹೊತ್ತಿಗೆ ಬಸಮ್ಮನ ಕೆನ್ನೆಗೆ ತೂತು ಬಿದ್ದಿತ್ತು. ಮುಂದಿನ ಸುಗ್ಗಿಗೆ ಅವಳಿರಲಿಲ್ಲ. ತಂಬಾಕು ಮುಟ್ಟದ ತನಗೂ ಅದೇ ಬಂತಲ್ಲ ಎಂದುಕೊಂಡಳು ಶಿವಗಂಗಾ.

ಅದೇ ಕೋಣೆಯಲ್ಲಿ ಜೊತೆಗಿದ್ದ ಅವ್ವನಿಗೆ ಹೇಳೋಣವೆಂದರೆ, ಅಕ್ಕನನ್ನು ಕಳೆದುಕೊಂಡವಳು ಎದೆ ಒಡೆದುಕೊಂಡಾಳು. ಈಚೆಗೆ ಹಲ್ಲುನೋವೆಂದು ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಾ ಬೇರೆ ಸೊರಗಿದ್ದಳು. ಹಾಗಾಗಿ ಫ್ಯಾಕ್ಟರಿ ಪಕ್ಕದ ಮೆಡಿಕಲ್ ಶಾಪಿನ ಲೋಕೇಶನಿಗೆ ತೋರಿಸಿದಳು. ಆ ಮಹಾರಾಯ ಮೊಬೈಲಿನಿಂದ ಅರ್ಧ ತಲೆ ಎತ್ತಿ, "ಒಳಗೆ ಗಡ್ಡೆ ಕಟ್ಕೊಂಡಿದೆ ಕಣಮ್ಮ, ಹಣ್ಣಾಗ್ಲಿ ಬಿಡು" ಅಂದ. ಅವನು ಗಂಟು ಎನ್ನುವ ಅರ್ಥದಲ್ಲಿ ಹೇಳಿದ್ದು. ಅವಳ ಕಿವಿಗೆ ಬಿದ್ದಿದ್ದು ಬಸಮ್ಮನ ಗಡ್ಡಿ. ಅದನ್ನೇ ತಲೆಯಲ್ಲಿಟ್ಟುಕೊಂಡು ಕೆಲಸಕ್ಕೆ ಹೋದಳು.

ಅವಳ ಕೆಲಸ ಗಾರ್ಮೆಂಟ್ಸಿನಲ್ಲಿ, ಹೊಲಿದ ಅಂಗಿಗಳ ಮೇಲಿನ ಎಣ್ಣೆ ಕಲೆ ತೆಗೆಯುವುದು. ಎಲ್ಲರೂ ಕಲೆ ನೀರು ಎಂದೇ ಕರೆಯುವ ಒಂದು ಕೆಮಿಕಲ್ ಚಿಮ್ಮಿಸಿದರೆ ಬಟ್ಟೆಯೊಳಗಿನ ಎಣ್ಣೆ ಬಿಟ್ಟುಕೊಂಡು ಬರುತ್ತದೆ. ಭಯ ಬಂದರೆ ಬುದ್ಧಿ ಎಲ್ಲಿ ನಿಲ್ಲುತ್ತದೆ ಹೇಳಿ? ಬಟ್ಟೆಯೊಳಗಿನದನ್ನು ಎಳೆಯುವ ನೀರು ಕೆನ್ನೆಯೊಳಗಿನದನ್ನು ಎಳೆಯದೇ ಎಂದುಕೊಂಡಳು. ಚಿಂದಿಯೊಂದನ್ನು ಅದ್ದಿ ದವಡೆಗೆ ಒತ್ತಿ ಹಿಡಿದಳು. ಚುರ್ರೆಂದಿತು. ಹಲ್ಲು ಕಚ್ಚಿಕೊಂಡು ಮತ್ತೆ ಒತ್ತಿದಳು, ಹುಚ್ಚಿ. ಊಟದ ಬೆಲ್ ಹೊಡೆಯುವ ಹೊತ್ತಿಗೆ ಕೆನ್ನೆ ಕೆಂಡವಾಗಿತ್ತು.

"ಏನೇ ಮಾಡ್ಕೊಂಡೆ? ನಿನ್ ಮುಖ ಏನ್ ಅಂಗೀನಾ? ತಲೆಗಿಲೆ ಕೆಟ್ಟಿದ್ಯಾ?" ಎಂದು ಬೈಯುತ್ತಾ ಪಕ್ಕದ ಟೇಬಲ್ಲಿನ ಮಹಾಲಕ್ಷ್ಮಿ ಅವಳ ಮುಖವನ್ನು ನಲ್ಲಿಗೆ ಹಿಡಿದಳು. ಆಮೇಲೆ ಗೇಟ್ ಪಾಸ್ ತೆಗೆಸಿ ಇಎಸ್‌ಐ ಡಿಸ್ಪೆನ್ಸರಿಗೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಸುಟ್ಟ ಜಾಗ ನೋಡಿದರು, ದವಡೆ ಮುಟ್ಟಿದರು, ಬಾಯಿ ತೆರೆಸಿ ಟಾರ್ಚ್ ಬಿಟ್ಟು ಒಳಗೆಲ್ಲ ನೋಡಿದರು.

"ಗಡ್ಡಿ ಐತೇನ್ರಿ ಮೇಡಂ?"

"ಇಲ್ಲಮ್ಮ. ಇದೂ ಮೊಡವೇನೇ, ಆಳದ್ದು. ಚರ್ಮದೊಳಗಿನ ಜಿಡ್ಡು ಹೊರಗೆ ಬರೋ ದಾರಿ ಕಟ್ಕೊಂಡು ಸುತ್ತ ಉರಿಯೂತ ಆಗಿದೆ."

"ಉರಿಯೂತ ಅಂದ್ರ ಏನ್ರಿ?"

"ಒಳಗೊಳಗೇ ಕೆರಳಿ ಊದ್ಕೊಳ್ಳೋದು. ಮೇಲೆ ಗುಳ್ಳೆ ಕಾಣೋ ಮುಂಚೇನೇ ಅದು ಶುರುವಾಗಿರಬಹುದು, ನುಣ್ಣಗಿರೋ ಜಾಗದಲ್ಲೂ. ಒತ್ತಿದ್ರೆ, ಉಜ್ಜಿದ್ರೆ ಇನ್ನೂ ಕೆರಳತ್ತೆ. ಮೊದ್ಲು ಈ ಸುಟ್ಟಿದ್ದು ವಾಸಿಯಾಗ್ಲಿ. ಆಮೇಲೆ ಮುಲಾಮು ಕೊಡ್ತೀನಿ. ಬರೀ ಗುಳ್ಳೆಗಲ್ಲ, ಮೊಡವೆ ಏಳೋ ಜಾಗಕ್ಕೆಲ್ಲ ತೆಳ್ಳಗೆ ಹಚ್ಬೇಕು. ತಿಂಗಳುಗಟ್ಟಲೆ ಹಿಡಿಯತ್ತೆ, ಬೇಜಾರು ಮಾಡ್ಕೋಬೇಡ."

ಶಿವಗಂಗಾ ಅಲ್ಲೇ ಗೊಳೋ ಎಂದು ಅತ್ತುಬಿಟ್ಟಳು.

ಸಂಜೆ ಅವ್ವನ ಮುಂದೆ ಎಲ್ಲ ಹೇಳಿಕೊಂಡಳು. "ಖೋಡಿ, ನನಗ್ಯಾಕ ಹೇಳಲಿಲ್ಲ?" ಎಂದು ದುರ್ಗವ್ವ ಗದರಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ನೀ ಹೆದರತಿ ಅಂತ."

ಮನಸ್ಸು ಹಗುರಾಗಿತ್ತು, ಹುಡುಗಿಗೆ ತಮಾಷೆ ಸುರುವಾಯಿತು. ಮೊಬೈಲ್ ಟಾರ್ಚ್ ಹಾಕಿ, "ಎಲ್ಲಿ, ಬಾಯಿ ತೆರಿಬೇ, ನಾನೂ ಡಾಕ್ಟರ್ ಆಗೇನಿ" ಎಂದಳು.

ದುರ್ಗವ್ವ ತುಟಿ ಬಿಗಿದಳು.

"ತೆರಿ ಯವ್ವಾ."

"ಬ್ಯಾಡ ಬಿಡ."

ಸಾರಿನಲ್ಲಿ ನೆನೆದ ರೊಟ್ಟಿಯ ತಾಟು ಪಕ್ಕದಲ್ಲೇ ಇತ್ತು. ಶಿವಗಂಗಾ ಅದನ್ನು ನೋಡಿದಳು, ಅವ್ವನ ಕೆನ್ನೆ ನೋಡಿದಳು. ಮೇಲೆ ಏನೂ ಕಾಣುತ್ತಿರಲಿಲ್ಲ.

"ಯಾವಾಗಿಂದ?"

"ದೀಪಾವಳಿಯಿಂದ," ಎಂದಳು ದುರ್ಗವ್ವ. "ನೀ ಹೆದರತಿ ಅಂತ ಹೇಳಲಿಲ್ಲ ಮಗಳ."

ಶಿವಗಂಗಾ ಟಾರ್ಚನ್ನು ಅವ್ವನ ಮುಖದ ಹತ್ತಿರಕ್ಕೆ ತಂದಳು. ದುರ್ಗವ್ವ ಮೆಲ್ಲಗೆ ಬಾಯಿ ತೆರೆದಳು.